ಹೆಸರು ಕೊಡೋಳು

ಮದುವೆಗೆ ಹೋಗೋದು ಅಂದ್ರೆ ನನಗೆ ಸಾಕಾಗಿ ಹೋಗೈತೆ. ಹೋಗ್ದಿದ್ರೆ ಸೊಣ್ಣಮ್ಮಂಗೆ ಕೊಬ್ಬು ಅಂತಾರೆ, ಹೋದ್ರೆ ನನ್ನ ದನೀನ ನಾನೇ ಕೇಳ್ಬೇಕು. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸ್ಕೊಂಡು ಒಳಗೆ ಕಾಲಿಡೋ ಹೊತ್ತಿಗೆ ಡಿಜೆಯವನು ಸಿನಿಮಾ ಹಾಡು ಹಾಕಿರ್ತಾನೆ, ಎದೆಗೆ ಒದ್ದಂಗೆ. ಸ್ವಲ್ಪ ಹೊತ್ತಿಗೆ ಯಾರೋ ಹಿರೀಕರು ಎದ್ದು ಹೋಗಿ, ‘ಶಾಸ್ತ್ರಕ್ಕಾದ್ರೂ ಒಂದು ಸೋಬಾನೆ ಹಾಕಪ್ಪಾ’ ಅಂತಾರೆ. ಅವನು ಪೆನ್‌ಡ್ರೈವಲ್ಲಿ ಹುಡುಕ್ತಾನೆ. ಹುಡುಕಿ ಹಾಕೋದು ನಮ್ದೇ. ನಂದಗುಡಿ ಹೋಬಳಿ ಕಡೆ ಇಪ್ಪತ್ತೆರಡು ವರ್ಷದಿಂದ ಅದೊಂದೇ ಆಲ್ಬಮ್ಮು ತಿರುಗ್ತಾ ಐತೆ.

ಮೊದಲ ಸಾಲು ನಮ್ಮಕ್ಕ ಲಕ್ಕಮ್ಮಂದು. ಅಕ್ಕ ಅಂದ್ರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡ್ತಿ. ಮುಂದೆ ಹೇಳೋದು ಅವಳು, ಅವಳ ಹಿಂದೆ ಹೇಳೋದು ನಾನು. ಸ್ಪೀಕರಲ್ಲಿ ಕೇಳಿದ್ರೆ ನಾವಿಬ್ರೂ ಎಷ್ಟು ಒಳ್ಳೇವ್ರು ಅನ್ಬೇಕು. ಉಸಿರು ಎಳ್ಕೊಂಡಿದ್ದು ಕೇಳಲ್ಲ, ಕೆಮ್ಮಿದ್ದು ಕೇಳಲ್ಲ, ಎಲೆಅಡಿಕೆ ಉಗಿಯೋಕೆ ಎದ್ದು ಹೋಗಿದ್ದು ಕೇಳಲ್ಲ. ಏಳು ನಿಮಿಷ ಆಯ್ತಾ, ಮುಗೀತು. ಮದುಮಗಳ ಕಾಲಿಗೆ ಇನ್ನೂ ಅರಿಶಿನಾನೇ ಮುಟ್ಟಿಸಿರಲ್ಲ, ಅಷ್ಟರಲ್ಲಿ ಹಾಡು ಮುಗಿದು ಮತ್ತೆ ಡಬ ಡಬ ಶುರುವಾಗಿರ್ತದೆ.

ನಾವು ಎದುರಿಗೆ ಕೂತು ಹಾಡ್ತಿದ್ದಾಗ ಹಂಗಿರ್ಲಿಲ್ಲ. ನೀರು ಕಾಯೋದು ತಡ ಆದ್ರೆ ಹಾಡೂ ತಡ ಆಗ್ತಿತ್ತು. ಸೋದರತ್ತೆ ಇನ್ನೂ ಬಸ್ಸಲ್ಲೇ ಇದ್ರೆ ಅಕ್ಕ ಆ ಬಸ್ಸಿನ ಮೇಲೂ ಆ ಅತ್ತೆಯ ಮೇಲೂ ಎರಡು ಸಾಲು ಕಟ್ಟಿ ಹೆಂಗಸರನ್ನೆಲ್ಲ ನಗಿಸ್ತಿದ್ಲು. ಹುಡುಗಿ ಕಣ್ಣಲ್ಲಿ ನೀರು ಬಂದ್ರೆ ರಾಗ ಇಳಿಸಿ, ನಿಧಾನ ಮಾಡಿ, ಅವಳು ಮೂಗು ಒರೆಸ್ಕೊಳ್ಳೋವರೆಗೂ ಅದೇ ಸಾಲಲ್ಲಿ ನಿಂತಿರ್ತಿದ್ಲು. ಒಂದು ಅರಿಶಿನದ ಹಾಡು ಕೆಲವು ಮನೇಲಿ ಕಾಲು ಗಂಟೆ, ಕೆಲವು ಮನೇಲಿ ಒಂದೂವರೆ ಗಂಟೆ. ಆ ಮನೆ ಹೆಂಗೋ ಹಾಡೂ ಹಂಗೆ.

ಅಕ್ಕ ಸುಮ್ಮನೆ ಹಾಡೋಳಲ್ಲ, ಜೋರು ಹೆಂಗಸು. ಬೆಳಿಗ್ಗೆ ಎದ್ದು ನಾಲ್ಕು ಹಸು ಕರೆದು ಡೈರಿಗೆ ಹಾಲು ಹಾಕಿ, ರಾಗಿ ಹೊಲ ನೋಡಿ, ಬಿಸಿಲಲ್ಲಿ ಟೊಮೇಟೊ ಕಿತ್ತು, ಆಮೇಲೆ ಮದುವೆ ಮನೆಗೆ ಸೀರೆ ಉಟ್ಕೊಂಡು ಹೊರಡೋಳು. ಯಾರಾದ್ರೂ ಕೈಗೆ ದುಡ್ಡು ಇಡೋಕೆ ಬಂದ್ರೆ, ‘ನಾನೇನು ಬ್ಯಾಂಡ್‌ಸೆಟ್ಟಾ?’ ಅಂತ ಬೈದುಬಿಡೋಳು. ಎಲೆಅಡಿಕೆ, ಒಂದು ರವಿಕೆ ಕಣ, ಹೊಟ್ಟೆ ತುಂಬ ಊಟ. ಅಷ್ಟೇ ತಗೊಳ್ತಿದ್ದಿದ್ದು. ಆದ್ರೆ ಹಾಡ್ತಾ ಇದ್ದಾಗ ಯಾರಾದ್ರೂ ಮಾತಾಡಿದ್ರೆ ನಿಲ್ಲಿಸಿಬಿಟ್ಟು ಅವರ ಮುಖವನ್ನೇ ನೋಡ್ತಾ ಕೂತ್ಕೊಳ್ಳೋಳು, ಅವರು ನಾಚ್ಕೊಂಡು ಸುಮ್ಮನಾಗೋವರೆಗೂ.

ಅವಳ ಹಿಂದೆ ನನಗೆ ಒಂದು ಕೆಲಸ ಇತ್ತು. ಹೆಸರು ಕೊಡೋದು. ನಮ್ಮ ಕಡೆ ಸೋಬಾನೇಲಿ ಮುಂದೆ ಹೇಳೋಳು ಕೇಳ್ತಾಳೆ, ಹಿಂದೆ ಹೇಳೋಳು ಉತ್ತರ ಕೊಡ್ತಾಳೆ. ಅಕ್ಕ ಮದುಮಗಳನ್ನ ನೋಡ್ಕೊಂಡು, ‘ಪಕ್ಕದಾಗೆ ಕುಂತವ್ನು ಯಾರವ್ವ, ನಿನ್ನ ಸೆರಗೀಗೆ ಗಂಟ್ಹಾಕ್ದೋನು ಯಾರವ್ವ’ ಅಂತ ಎಳೆದು ನಿಲ್ಲಿಸ್ತಿದ್ಲು. ನಾನು ಇಂಥವನು ಕಣೆ ತಾಯಿ, ಇಂಥವಳಿಗೆ ಒಪ್ಪೋನು ಅಂತ ಎರಡೂ ಹೆಸರು ಸೇರಿಸಿ ಮುಗಿಸ್ಬೇಕು. ಮದುಮಗಳಂತೂ ಬಾಯಿ ಬಿಡೋ ಹಂಗಿಲ್ಲ. ಗಂಡನ ಹೆಸರು ಹೇಳೋದುಂಟೇ? ಅದಕ್ಕೇ ಅವಳ ಬದಲು ನಾವು ಹೇಳೋದು. ಹಾಗಾಗಿ ಮದುವೆ ಮನೆಗೆ ಹೋದ ತಕ್ಷಣ ಅಡಿಗೆಮನೆಗೆ ನುಗ್ಗಿ ಗಂಡಿನ ಹೆಸರೇನು, ಅಪ್ಪನ ಹೆಸರೇನು, ಮನೇಲಿ ಏನಂತ ಕರೀತಾರೆ ಅಂತ ಕೇಳಿ ಬಾಯಿಪಾಠ ಮಾಡ್ಕೊಳ್ತಿದ್ದೆ. ಮೂವತ್ತು ವರ್ಷ ಕೊಟ್ಟಿದೀನಿ. ತಪ್ಪಿದ್ದು ಒಂದೇ ಸಲ.

ಅದು ಕ್ಯಾಸೆಟ್ ಹೋಗಿ ಸಿಡಿ ಬರ್ತಿದ್ದ ಕಾಲ. ಹೊಸಕೋಟೇಲಿ ಅಂಗಡಿ ಇಟ್ಕೊಂಡಿದ್ದ ಕೆಂಪರಾಜ್ ಅನ್ನೋನು ಯಾವ್ದೋ ಮದುವೇಲಿ ನಮ್ಮನ್ನ ಕೇಳಿ, ಮನೆಗೇ ಬಂದುಬಿಟ್ಟ. ಆಲ್ಬಮ್ ಮಾಡಿಸ್ತೀನಿ, ನಿಮ್ಮ ಫೋಟೋ ಹಾಕಿಸ್ತೀನಿ ಅಂದ. ಅಕ್ಕ ಒಂದು ತಿಂಗಳು ಆಗಲ್ಲ ಅಂದ್ಲು, ಆಮೇಲೆ ಹೊಸ ಸೀರೆ ತಗೊಂಡ್ಲು. ಅಕ್ಕನ ಮಗಳು ಶಶಿರೇಖಾಗೆ ಆಗ ಹದಿನೇಳು, ಪಿಯುಸಿ ಓದ್ತಿದ್ಲು. ಬೆಂಗಳೂರಲ್ಲಿ ಸ್ಟುಡಿಯೋ ನೋಡ್ತೀನಿ ಅಂತ ಅವಳೂ ನಮ್ಮ ಜೊತೆ ಬಸ್ ಹತ್ತಿದ್ಲು.

ಸ್ಟುಡಿಯೋ ಅಂದ್ರೆ ಒಂದು ಮೂರನೇ ಮಹಡಿ, ಗೋಡೆಗೆಲ್ಲ ಕಂಬಳಿ ಥರ ಏನೋ ಬಡಿದಿದ್ರು. ಬಾಗಿಲು ಹಾಕಿದ್ರೆ ನಮ್ಮ ಎದೆ ಬಡ್ಕೊಳ್ಳೋದು ನಮಗೇ ಕೇಳೋದು. ಅಕ್ಕ ಕೂತ್ಲು, ಎದುರಿಗೆ ನೋಡಿದ್ಲು, ಖಾಲಿ ನೆಲ. ಹಾಡಲ್ಲ ಅಂದುಬಿಟ್ಲು.

‘ಯಾಕಮ್ಮಾ, ಏನಾಯ್ತು?’ ಅಂದ ಕೆಂಪರಾಜ್.

‘ಹಸೆ ಮೇಲೆ ಯಾರೂ ಇಲ್ಲ. ಖಾಲಿ ಹಸೆಗೆ ಸೋಬಾನೆ ಹೇಳಿದ್ರೆ ಮನೆತನಕ್ಕೆ ಒಳ್ಳೇದಲ್ಲ ಕಣಪ್ಪಾ.’

‘ಅಮ್ಮಾ, ಇದು ಮದುವೆ ಅಲ್ಲ, ರೆಕಾರ್ಡಿಂಗು. ಗಂಟೆ ಲೆಕ್ಕದಲ್ಲಿ ತಗೊಂಡಿದೀನಿ ಇದನ್ನ.’

‘ಯಾರ್ನಾದ್ರೂ ಕೂರಿಸು ಮತ್ತೆ.’

‘ಯಾರ್ನ ಕೂರಿಸ್ಲಿ, ನಾನೇ ಕೂತ್ಕೊಳ್ಲಾ?’ ಅಂತ ಅವನು ತಲೆ ಚಚ್ಕೊಂಡ. ಕೊನೆಗೆ ಶಶೀನೇ ಚಾಪೆ ಮೇಲೆ ಕೂರಿಸಿದ್ವಿ. ಅವಳಿಗೆ ನಗು. ತಡ್ಕೊಳ್ಳೋಕೆ ಆಗ್ದೆ ದುಪಟ್ಟಾ ಬಾಯಿಗೆ ಒತ್ಕೊಂಡು ಕೂತಿದ್ಲು. ಅಕ್ಕಂಗೆ ಈಗ ಸಮಾಧಾನ ಆಯ್ತು, ಹಾಡು ಹೊಳೆ ಹರಿದಂಗೆ ಹರೀತು. ಆ ಸಾಲು ಬಂತು. ‘ಪಕ್ಕದಾಗೆ ಕುಂತವ್ನು ಯಾರವ್ವ’ ಅಂತ ಎಳೆದು ನಿಲ್ಲಿಸಿದ್ಲು. ಮದುಮಗಳೇನೋ ಸಿಕ್ಕಿದ್ಲು, ಗಂಡಿನ ಹೆಸರು ಯಾರೂ ಮಾತಾಡಿಕೊಂಡಿರ್ಲಿಲ್ಲ. ಕೆಂಪು ದೀಪ ಉರೀತಾ ಐತೆ, ಗಾಜಿನ ಆಚೆಯಿಂದ ಅವನು ಕೈ ಆಡಿಸ್ತಾವ್ನೆ. ನನ್ನ ಬಾಯಿಗೆ ಬಂದಿದ್ದು, ‘ವಸಂತ ಕಣೆ ತಾಯಿ, ಶಶಿರೇಖೆಗೆ ಒಪ್ಪೋನು.’

ವಸಂತ್ ಅಂದ್ರೆ ಅಕ್ಕನ ತಮ್ಮ ಹನುಮಂತರಾಯಪ್ಪನ ಮಗ. ದೇವನಹಳ್ಳಿ ಹತ್ರ ಅವರ ಊರು. ಅದರ ಹಿಂದಿನ ಹಬ್ಬಕ್ಕೆ ಬಂದಾಗ ಹನುಮಂತರಾಯಪ್ಪ ಒಬ್ಬಟ್ಟು ತಿನ್ನುತ್ತಾ, ‘ನಮ್ಮ ಹುಡುಗಂಗೆ ನಿಮ್ಮ ಶಶೀನೇ ಕಣಕ್ಕಾ’ ಅಂದಿದ್ದ. ಅಷ್ಟೇ. ತಾಂಬೂಲ ಇಲ್ಲ, ಮಾತುಕತೆ ಇಲ್ಲ, ಒಬ್ಬಟ್ಟಿನ ಮಾತು. ಅದನ್ನ ನಾನು ಹೆಸರು ಮಾಡಿ ಕೊಟ್ಟುಬಿಟ್ಟೆ.

ಶಶಿ ನಗು ನಿಂತೋಯ್ತು. ಅಕ್ಕ ನನ್ನ ಕಡೆ ನೋಡಿದ್ಲು. ಅವಳು ಬೈಲಿಲ್ಲ. ಅವಳ ಮುಖದಲ್ಲಿ ಒಂದು ಸಂತೋಷ ಇತ್ತು, ಅದನ್ನ ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮುಗಿದ ಮೇಲೆ, ಆ ಹೆಸರು ತೆಗೀಬಹುದೇನಪ್ಪಾ ಅಂತ ಕೆಂಪರಾಜನ್ನ ಕೇಳಿದೆ. ‘ಮತ್ತೆ ಮೊದಲಿಂದ ಹಾಡ್ಬೇಕು, ಟೈಮಿಲ್ಲ. ಚೆನ್ನಾಗಿ ಬಂದೈತೆ ಬಿಡಿ ಅಮ್ಮಾ’ ಅಂದ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ನಮ್ಮ ಮಾತು ಹೋಗ್ಲೂ ಇಲ್ಲ, ಸಿಡಿಯಲ್ಲಿ ಉಳ್ಕೊಂತು.

ಮೊದಲ ವರ್ಷ ಖುಷಿ. ಹಾಲಿನ ಡೈರಿ, ಬಸ್‌ಸ್ಟಾಂಡು, ಎಲ್ಲಿ ಹೋದ್ರೂ ನಾವೇ. ಶಶೀನ ಕಾಲೇಜಲ್ಲಿ ಕ್ಯಾಸೆಟ್ ಮದುಮಗಳು ಅಂತ ರೇಗಿಸೋರು, ಅವಳೂ ನಗ್ತಿದ್ಲು. ಆಮೇಲೆ ದೇವನಹಳ್ಳಿ ಕಡೆ ಜಮೀನಿಗೆ ರೇಟ್ ಬಂತು. ಹನುಮಂತರಾಯಪ್ಪನ ಎರಡೆಕರೆ ಹೋಗಿ, ಮನೆ ಮುಂದೆ ಕಾರು ಬಂತು, ಮಾತಿನ ಧಾಟಿ ಬದಲಾಯ್ತು. ಒಬ್ಬಟ್ಟು ತಿಂದ ಬಾಯಿ ಮರೆತುಹೋಯ್ತು. ವಸಂತಂಗೆ ಜ್ಯೋತಿಲಕ್ಷ್ಮಿ ಅನ್ನೋ ಹುಡುಗಿ ಜೊತೆ ಮದುವೆ ಗೊತ್ತಾಯ್ತು. ಹೋಗ್ಲಿ ಬಿಡು, ಋಣ ಇಲ್ಲ ಅಂತ ನಾವೂ ಸುಮ್ಮನಾದ್ವಿ. ಮದುವೆಗೂ ಹೋದ್ವಿ, ಹೋಗ್ದೆ ಇರೋಕಾಗ್ತದಾ, ಸ್ವಂತ ತಮ್ಮನ ಮನೆ.

ಆ ಮೈಕ್‌ಸೆಟ್ಟಿನವನು ಪಾಪ ಏನು ಕಂಡಿದ್ದ? ಸೋಬಾನೆ ಹಾಕಪ್ಪಾ ಅಂದ್ರು, ಹಾಕಿದ. ಹಸೆ ಮೇಲೆ ಜ್ಯೋತಿಲಕ್ಷ್ಮಿ ಕೂತವ್ಳೆ, ಇಡೀ ಛತ್ರದ ತುಂಬ ನನ್ನ ದನಿ, ವಸಂತ ಕಣೆ ತಾಯಿ, ಶಶಿರೇಖೆಗೆ ಒಪ್ಪೋನು. ಹುಡುಗಿ ಅಪ್ಪ ಎದ್ದು ನಿಂತು, ‘ಯಾರ್ರೀ ಅದು ಶಶಿರೇಖ?’ ಅಂದ. ಹನುಮಂತರಾಯಪ್ಪ ವೈರ್ ಕಿತ್ತು ಹಾಕಿ, ನೇರ ಅಕ್ಕನ ಮುಂದೆ ಬಂದು, ‘ಬೇಕಂತ್ಲೇ ಹಾಕಿಸಿದೀಯ’ ಅಂದ. ನಾನು ನಡುವೆ ಹೋಗಿ, ತಪ್ಪು ನಂದು ಕಣಪ್ಪಾ, ಹೆಸರು ಕೊಟ್ಟಿದ್ದು ನಾನು ಅಂದೆ. ಯಾರು ಕೇಳ್ತಾರೆ. ಅಕ್ಕ ಊಟ ಮಾಡ್ದೆ ಎದ್ದು ಬಂದ್ಲು. ಹೊಸಕೋಟೆ ಬಸ್ ಹತ್ತಿದ್ವಿ. ಇಳಿಯೋವಾಗ ಒಂದೇ ಮಾತು, ‘ಹೆಸರು ಕೊಡೋ ಮುಂಚೆ ಕೇಳ್ಬೇಕಾಗಿತ್ತು ಕಣೆ ಸೊಣ್ಣಿ.’

ಅವತ್ತಿಂದ ಅಕ್ಕ ಹಾಡ್ಲಿಲ್ಲ. ಕರೆಯೋಕೆ ಬಂದೋರಿಗೆ, ಆಲ್ಬಮ್ ಐತಲ್ಲ, ಹಾಕ್ಕೊಳ್ಳಿ ಅಂತಿದ್ಲು. ಜನಕ್ಕೂ ಅದೇ ಸುಲಭ. ಎಲೆಅಡಿಕೆಯೂ ಬೇಡ, ರವಿಕೆ ಕಣವೂ ಬೇಡ, ಮುನಿಸ್ಕೊಳ್ಳೋ ಮುದುಕಿಯೂ ಬೇಡ. ಗೊತ್ತಿಲ್ಲದವರು ವಸಂತ, ಶಶಿರೇಖೆ ಅಂದ್ರೆ ಯಾವುದೋ ಪುರಾಣದ ಜೋಡಿ ಅಂದ್ಕೊಂಡವ್ರೆ. ಗೊತ್ತಿದ್ದವರು ಗೊತ್ತಿರೋದನ್ನ ಬಾಯಿಂದ ಬಾಯಿಗೆ ದಾಟಿಸಿದ್ರು. ಶಶೀನ ನೋಡೋಕೆ ಬಂದ ಗಂಡಿನವರು ಕಾಫಿ ಕುಡಿದು ಹೋಗಿ, ಆಮೇಲೆ ಯಾರ ಕೈಲೋ ಹೇಳಿ ಕಳಿಸೋರು. ಆ ಹುಡುಗಿ ಹೆಸರು ಆಗಲೇ ಯಾರ ಜೊತೆಗೋ ಸೇರಿದ್ಯಂತಲ್ಲ, ಒಂದು ಸಲ ಸೋಬಾನೆ ಆಗಿರೋ ಹುಡುಗಿಯಂತಲ್ಲ ಅಂತ. ಮೂರು ಸಂಬಂಧ ಹಂಗೇ ಹೋದ್ವು. ನಾಲ್ಕನೇದು ಬರೋಕೆ ಶಶೀನೇ ಬಿಡ್ಲಿಲ್ಲ. ದೇವನಹಳ್ಳಿ ಹತ್ರ ಏರ್‌ಪೋರ್ಟ್ ಕಡೆ ಒಂದು ಹೋಟೆಲಲ್ಲಿ ಬಟ್ಟೆ ಒಗೆಯೋ ವಿಭಾಗಕ್ಕೆ ಸೇರ್ಕೊಂಡ್ಲು, ಈಗ ಅಲ್ಲಿ ಸೂಪರ್‌ವೈಸರು. ನಂಟರ ಮದುವೆಗೆ ಬಂದ್ರೆ ಸೋಬಾನೆ ಶುರುವಾಗೋ ಹೊತ್ತಿಗೆ ಎದ್ದು ಕೈ ತೊಳೆಯೋ ಕಡೆ ಹೋಗಿ ನಿಂತ್ಕೊಳ್ಳೋಳು. ಏಳು ನಿಮಿಷ ಲೆಕ್ಕ ಹಾಕಿ ವಾಪಸ್ ಬರೋಳು. ನಾನು ಅದನ್ನೂ ನೋಡ್ಬೇಕಾಗಿತ್ತು.

ನನಗೆ ನೂರು ಸಲ ಅನ್ನಿಸೈತೆ, ಆ ಮಗು ಕಾಲು ಹಿಡ್ಕೊಂಡು ತಪ್ಪಾಯ್ತು ಅಂತ ಅತ್ತುಬಿಡ್ಲಾ ಅಂತ. ಅಳ್ಲಿಲ್ಲ. ಚೆನ್ನಾಗಿದೀಯೇನೇ, ಊಟ ಆಯ್ತೇನೇ ಅಂತ ಕೇಳ್ಕೊಂಡೇ ಇಷ್ಟು ವರ್ಷ ಕಳೆದೆ.

ಹೋದ ವರ್ಷ ಅಕ್ಕಂಗೆ ಲಕ್ವ ಹೊಡೀತು. ಬಲಗೈ ಬಿದ್ದೋಯ್ತು, ಮಾತು ಬಿದ್ದೋಯ್ತು. ಆ ದನಿ ಇದ್ದ ಗಂಟಲಲ್ಲಿ ಈಗ ಆ, ಊ ಅಷ್ಟೇ. ನಾನು ದಿನಾ ಹೋಗಿ ಗಂಜಿ ಕುಡಿಸಿ, ತಲೆ ಬಾಚಿ ಬರ್ತೀನಿ. ಅಂಥ ಒಂದು ದಿನ, ಯುಗಾದಿ ಆದ ಮೇಲೆ, ಶಶಿ ಬಂದು ಮಂಚದ ತುದೀಲಿ ಕೂತ್ಲು.

‘ಚಿಕ್ಕಮ್ಮ, ನಾನು ಮದುವೆ ಆಗ್ತಾ ಇದೀನಿ.’

ನನ್ನ ಕೈಲಿದ್ದ ಚಮಚ ಬಟ್ಟಲಲ್ಲೇ ಉಳೀತು. ಹುಡುಗ ದೇವರಾಜ್ ಅಂತ, ಅದೇ ಹೋಟೆಲಿನ ಅಡಿಗೆಯವನು. ಮೊದಲನೇ ಹೆಂಡ್ತಿ ತೀರ್ಕೊಂಡು ಆರು ವರ್ಷ ಆಗೈತೆ, ಮಕ್ಕಳಿಲ್ಲ. ದೇವನಹಳ್ಳೀಲಿ ದೇವಸ್ಥಾನದ ಛತ್ರದಲ್ಲಿ, ನಲವತ್ತು ಜನ, ಅಷ್ಟೇ ಅಂದ್ಲು.

‘ಡಿಜೆ ಇಲ್ಲ, ಸ್ಪೀಕರ್ ಇಲ್ಲ. ನೀನು ಸೋಬಾನೆ ಹೇಳ್ಬೇಕು.’

‘ನಾನಾ? ಲೇ, ನಾನು ಹಿಂದೆ ಹೇಳೋಳು ಕಣೆ. ಮುಂದೆ ಹೇಳೋದು ನನಗೆ ಬರಲ್ಲ. ಮೆಟ್ಟಿಲು ಹತ್ತಿದ್ರೆ ಉಬ್ಬಸ ಬರ್ತದೆ. ಬೇರೆ ಯಾರ್ನಾದ್ರೂ ನೋಡು.’

‘ಬೇರೆ ಯಾರೂ ಬೇಡ. ಇಪ್ಪತ್ತೆರಡು ವರ್ಷದಿಂದ ಇನ್ನೊಬ್ಬನ ಹೆಸರು ಕೇಳಿದೀನಿ. ಒಂದು ಸಲ ಸರಿ ಹೆಸರು ಕೇಳ್ಬೇಕು. ಕೊಟ್ಟಿದ್ದು ನೀನು, ಸರಿ ಮಾಡೋಳೂ ನೀನೇ.’

ಕೋಪ ಇರ್ಲಿಲ್ಲ ಅವಳ ದನೀಲಿ, ಅದಕ್ಕೇ ನನಗೆ ಜಾಸ್ತಿ ನೋವಾಯ್ತು. ಅಕ್ಕ ಮಂಚದ ಮೇಲಿಂದ ನನ್ನನ್ನೇ ನೋಡ್ತಿದ್ಲು. ಆಗ್ಲಿ ಅಂದೆ.

ಹಾಡೋಕೆ ಕೂತ ಮೇಲೆ ಗೊತ್ತಾಯ್ತು, ನನಗೆ ನಿಜವಾಗ್ಲೂ ಅರ್ಧ ಹಾಡೇ ಬರೋದು ಅಂತ. ಮೂವತ್ತು ವರ್ಷ ಹಾಡಿದೋಳಿಗೆ ಮೊದಲ ಸಾಲು ಬಾಯಲ್ಲಿಲ್ಲ. ಅಕ್ಕ ಕೇಳ್ತಿದ್ಲು, ನಾನು ಹೇಳ್ತಿದ್ದೆ. ಕೇಳೋದು ಹೆಂಗೆ ಅಂತ ಕಲಿಯೋ ಗೋಜಿಗೇ ಹೋಗಿರ್ಲಿಲ್ಲ. ಅಕ್ಕನ್ನ ಕೇಳೋಣ ಅಂದ್ರೆ ಅವಳಿಗೆ ಮಾತಿಲ್ಲ. ಉಳಿದಿದ್ದು ಆ ದರಿದ್ರದ ಆಲ್ಬಮ್ಮೇ. ಶಶಿ ನನ್ನ ಮೊಬೈಲಿಗೆ ಹಾಕಿಕೊಟ್ಟು, ಎಲ್ಲಿ ಒತ್ತಬೇಕು ತೋರಿಸಿ ಹೋದ್ಲು.

ಇಪ್ಪತ್ತು ದಿನ ಕೇಳಿದೆ. ಬೆಳಿಗ್ಗೆ ಹಸು ಕರೆಯೋವಾಗ ಕೊಟ್ಟಿಗೆ ಗೂಡಲ್ಲಿ ಫೋನ್ ಇಟ್ಟು ಕೇಳ್ತಿದ್ದೆ. ಛತ್ರದಲ್ಲಿ ಕೇಳೋದೇ ಬೇರೆ, ಒಬ್ಳೇ ಕೂತು ಕೇಳೋದೇ ಬೇರೆ. ಅಲ್ಲಿ ಅದು ಗಲಾಟೆ, ಇಲ್ಲಿ ನಮ್ಮಕ್ಕ. ನಲವತ್ತೆಂಟು ವರ್ಷದ ಅಕ್ಕ, ಎರಡೂ ಕೈ ನೆಟ್ಟಗಿರೋ ಅಕ್ಕ. ಒಂದು ಕಡೆ ಸಾಲಿನ ಕೊನೇಲಿ ಅವಳ ಬಳೆ ಸಣ್ಣಗೆ ಸದ್ದು ಮಾಡ್ತದೆ, ಕೆಂಪರಾಜ್ ತೆಗೆಯೋದು ಮರೆತಿದ್ದಾನೆ. ಅಷ್ಟು ವರ್ಷ ಅದು ನನಗೆ ಕೇಳಿರ್ಲಿಲ್ಲ. ಅವತ್ತು ಹಾಲಿನ ಬಕೆಟ್ ಪಕ್ಕಕ್ಕಿಟ್ಟು ಅತ್ತುಬಿಟ್ಟೆ, ಹಸು ತಿರುಗಿ ನೋಡ್ತು.

ಸಾಲು ಕೂತ್ವು. ಆದ್ರೆ ಇನ್ನೊಂದೂ ಕೂತ್ಬಿಡ್ತು. ಎರಡನೇ ವಾರದಲ್ಲಿ ಒಂದಿನ ಫೋನಿಲ್ದೆ ಒಬ್ಳೇ ಹಾಡ್ಕೊಂಡು ಹೋಗ್ತಾ ಇದೀನಿ, ಆ ಜಾಗ ಬಂದ ತಕ್ಷಣ ಬಾಯಿ ತಾನಾಗೇ ‘ವಸಂತ ಕಣೆ ತಾಯಿ’ ಅಂತು. ಬಾಯಿ ಮೇಲೆ ಹೊಡ್ಕೊಂಡೆ. ಮಾರನೇ ದಿನವೂ ಅದೇ. ದೇವರಾಜ, ದೇವರಾಜ ಅಂತ ಹುಲ್ಲು ಹಾಕ್ತಾ ನೂರು ಸಲ ಅಂದೆ. ಮಾತಲ್ಲಿ ಸಲೀಸಾಗಿ ಬರೋನು ರಾಗಕ್ಕೆ ಬಂದ್ರೆ ಮಾಯ. ಮದುವೆ ಹಿಂದಿನ ದಿನ ನನ್ನ ಯಜಮಾನ ಸಂಜೀವಪ್ಪನ ಹತ್ರ ಹೇಳ್ಕೊಂಡೆ, ನಾಳೆ ನಾನು ಮತ್ತೆ ಅದೇ ಹೆಸರು ಹೇಳ್ಬಿಡ್ತೀನಿ, ಆ ಹುಡುಗಿ ಬಾಳು ಎರಡನೇ ಸಲ ಹಾಳು ಮಾಡ್ತೀನಿ ಅಂತ. ‘ಹಂಗಾದ್ರೆ ಆ ಸಾಲೇ ಬಿಟ್ಬಿಡು’ ಅಂದ. ಗಂಡಸರಿಗೆ ಎಲ್ಲಾ ಸುಲಭ. ಆ ಸಾಲು ಬಿಟ್ರೆ ಉಳಿಯೋದೇನು?

ದೇವಸ್ಥಾನದ ಛತ್ರ ಚಿಕ್ಕದು. ಎರಡು ಫ್ಯಾನು, ಒಂದು ತಿರುಗ್ತಿತ್ತು. ನೆಲಕ್ಕೆ ರಂಗೋಲಿ ಬಿಟ್ಟು ಹಸೆ ಹಾಕಿದ್ರು. ಅಕ್ಕನ ಗಂಡ, ನಮ್ಮ ಭಾವ, ತೀರ್ಕೊಂಡಿರೋದ್ರಿಂದ ಅಕ್ಕನ್ನ ಹಿಂದೆ ಕೂರಿಸೋಣ ಅಂತ ಯಾರೋ ಅಂದ್ರು. ಶಶಿ ಅಕ್ಕನ ಕುರ್ಚಿ ಎಳೆದು ಹಸೆಗೆ ಎದುರಾಗಿ ಹಾಕಿದ್ಲು. ಆಮೇಲೆ ಹೋಗಿ ದೇವರಾಜನ ಪಕ್ಕ ಕೂತ್ಲು. ಮೂವತ್ತೊಂಬತ್ತು ವರ್ಷದ ಮದುಮಗಳು, ಕಿವಿ ಹತ್ರ ನಾಲ್ಕು ಬಿಳಿ ಕೂದಲು. ಅವನು ದಪ್ಪ ಮನುಷ್ಯ, ಸೆಕೆಗೆ ಬೆವೆತು ಹೋಗಿದ್ದ, ಅವಳು ತನ್ನ ಕರ್ಚೀಫ್ ಕೊಟ್ಲು.

ನಾನು ಶುರು ಮಾಡಿದೆ. ಅಕ್ಕನ ಸಾಲೂ ನಾನೇ, ನನ್ನ ಸಾಲೂ ನಾನೇ. ದನಿ ನಡುಗ್ತಿತ್ತು, ಆದ್ರೂ ಹೋಯ್ತು. ಅಕ್ಕ ಎಡಗೈ ತೊಡೆ ಮೇಲೆ ಮೆಲ್ಲಗೆ ಬಡೀತಿದ್ಲು, ತಾಳ ಒಂದಿಷ್ಟೂ ತಪ್ಪಿರ್ಲಿಲ್ಲ. ಅರಿಶಿನ ಹಚ್ಚೋ ಹೆಂಗಸರು ಮಾತು ನಿಲ್ಲಿಸಿದ್ರು. ಆಮೇಲೆ ಆ ಜಾಗ ಬಂತು. ಶಶೀನ ನೋಡ್ಕೊಂಡು ಕೇಳಿದೆ, ‘ಪಕ್ಕದಾಗೆ ಕುಂತವ್ನು ಯಾರವ್ವ, ನಿನ್ನ ಸೆರಗೀಗೆ ಗಂಟ್ಹಾಕ್ದೋನು ಯಾರವ್ವ.’

ಎಳೆದು ನಿಲ್ಲಿಸಿದೆ. ಈಗ ನಾನು ಹೇಳ್ಬೇಕು. ನಾಲಿಗೆ ತುದೀಲಿ ಬಂದು ನಿಂತಿದ್ದು ಅವನೇ, ವಸಂತ. ಬಾಯಿ ತೆಗೆದ್ರೆ ಅದೇ ಬರ್ತದೆ ಅಂತ ಖಂಡಿತ ಗೊತ್ತಿತ್ತು. ತುಟಿ ಬಿಗಿಯಾಗಿ ಮುಚ್ಕೊಂಡೆ. ಅಕ್ಕನ ಕೈ ತೊಡೆ ಮೇಲೆ ನಿಂತೋಯ್ತು. ಪುರೋಹಿತರೂ ನನ್ನ ಕಡೆ ನೋಡಿದ್ರು. ಈ ಜನ್ಮದಲ್ಲಿ ನನಗೆ ಅಷ್ಟು ನಾಚಿಕೆ ಆಗಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸ್ತು.

ಆಗ ಶಶಿ ತಲೆ ಎತ್ತಿದ್ಲು. ಏಳೇಳು ನಿಮಿಷ ಕೈ ತೊಳೆಯೋ ಕಡೆ ನಿಂತು ಕೇಳಿದ್ಲಲ್ಲ, ರಾಗ ಒಂದಿಷ್ಟೂ ತಪ್ಪಲಿಲ್ಲ. ಅವಳಮ್ಮನ ದನೀನೇ, ಸ್ವಲ್ಪ ಒಣಗಿದ್ದು.

‘ದೇವರಾಜ ಕಣೆ ತಾಯಿ, ನನಗೆ ಒಪ್ಪೋನು.’

ಶಶಿರೇಖೆಗೆ ಅನ್ಲಿಲ್ಲ, ನನಗೆ ಅಂದ್ಲು. ಮದುಮಗಳು ಗಂಡನ ಹೆಸರು ಹೇಳ್ಬಿಟ್ಲು ಅಂತ ಹಿಂದಿನ ಸಾಲಲ್ಲಿ ಯಾರೋ ಗುಸುಗುಸು ಅಂದ್ರು. ದೇವರಾಜ ಆ ಕರ್ಚೀಫಲ್ಲೇ ಕಣ್ಣೊರೆಸ್ಕೊಂಡ. ಅಕ್ಕನ ಗಂಟಲಿಂದ ಊ ಅಂತ ಒಂದು ಸದ್ದು ಬಂತು, ಎಡಗೈ ಮತ್ತೆ ಬಡಿಯೋಕೆ ಶುರು ಮಾಡ್ತು, ಮುಂದಕ್ಕೆ ಹೋಗೇ ಅನ್ನೋ ಹಂಗೆ.

ನನಗೆ ಉಸಿರು ಸಿಕ್ಲಿಲ್ಲ. ಉಬ್ಬಸ ಹತ್ತಿತ್ತು, ಅಳು ಹತ್ತಿತ್ತು. ಶಶಿ ನೀರು ತರಿಸಿ ಕೊಟ್ಲು. ಕುಡಿದೆ, ಸೆರಗಲ್ಲಿ ಮುಖ ಒರೆಸ್ಕೊಂಡೆ, ಮತ್ತೆ ಸ್ವಲ್ಪ ಕುಡಿದೆ. ಅವಸರ ಇಲ್ಲ ಚಿಕ್ಕಮ್ಮ ಅಂದ್ಲು ಅವಳು. ಅಷ್ಟು ಹೊತ್ತೂ ಹಾಡು ನನಗಾಗಿ ಕಾದಿತ್ತು.